ಒಂಬತ್ತನೇ ತರಗತಿ, ಎರಡನೇ ಪಿರಿಯಡ್

ನೆಬ್ರಾಸ್ಕದ ಈ ಊರಿನಲ್ಲಿ
ಗಾಳಿ ಯಾವ ಕಡೆಯದೆಂದು ಮೂಗೇ ಹೇಳುತ್ತದೆ.
ದಕ್ಷಿಣದ್ದಾದರೆ ಮಾಂಸದ ಕಾರ್ಖಾನೆ,
ಉತ್ತರದ್ದಾದರೆ ಬರೀ ಚಳಿ.
ಇವತ್ತು ದಕ್ಷಿಣದ್ದು.
ಕಿಟಕಿ ಮುಚ್ಚಿ ಹಾಜರಿ ಕರೆದೆ.

ಇಪ್ಪತ್ತಾರು ಮಕ್ಕಳು, ಹದಿನಾಲ್ಕರ ಪ್ರಾಯ.
ಕಾಲುಗಳು ಬೆಂಚಿನಾಚೆಗೆ ಬೆಳೆದಿವೆ,
ದನಿ ಇನ್ನೂ ಹೊಸ್ತಿಲ ಮೇಲೆ
ಒಳಗೋ ಹೊರಗೋ ಎಂದು ನಿಂತಿದೆ.
ಕೋಲ್ಟನ್ ಹಾಜರ್ ಎನ್ನುವುದಿಲ್ಲ, ಗದ್ದ ಎತ್ತುತ್ತಾನೆ.
ಪಾ ಟೂ ಇಡೀ ಸೆಪ್ಟೆಂಬರ್ ಬಾಯಿ ಬಿಟ್ಟಿಲ್ಲ,
ಅವಳ ಪೆನ್ಸಿಲು ಮಾತ್ರ ಯಾವಾಗಲೂ ಚೂಪು.

ಹಲಗೆಯ ಮೇಲೆ ನೈಫ್ ಎಂದು ಬರೆದೆ.
ಮೊದಲಿಗೆ ನಿಂತಿದೆಯಲ್ಲ ಕೆ, ಅದು ಮಾತಾಡುವುದಿಲ್ಲ, ಅಂದೆ.
ಅಬ್ದಿವೆಲಿ ಕೈಯೆತ್ತಿದ:
ಕೆಲಸವನ್ನೇ ಮಾಡದ್ದಕ್ಕೆ ಸಂಬಳ ಯಾಕೆ ಸಾರ್?
ನಗು. ನಾನೂ ನಕ್ಕೆ.
ಮೂವತ್ತೊಂದು ವರ್ಷ ಇದನ್ನೇ ಕಲಿಸಿದ್ದೇನೆ,
ಯಾರೂ ಹೀಗೆ ಲೆಕ್ಕ ಕೇಳಿರಲಿಲ್ಲ.
ಹಿಂದೊಮ್ಮೆ ಅದಕ್ಕೂ ದನಿಯಿತ್ತು ಕಣಪ್ಪಾ,
ಆಮೇಲೆ ಸುಮ್ಮನಾಯಿತು, ಜಾಗ ಬಿಡಲಿಲ್ಲ.
ನಮ್ಮ ಮುತ್ತಜ್ಜ ಕುಚೇರಾ ಎಂಬ ಹೆಸರಿನ
ನೆತ್ತಿಯ ಮೇಲಿದ್ದ ಪುಟ್ಟ ಕೊಕ್ಕೆಯನ್ನು
ಹಡಗಿನಲ್ಲೇ ಬಿಟ್ಟು ಇಳಿದನಂತೆ.
ಇದನ್ನು ಹೇಳಲಿಲ್ಲ. ಗಂಟೆ ಹತ್ತಿರವಿತ್ತು.

ಬರೆಯಲು ಕೊಟ್ಟದ್ದು ಇಷ್ಟೇ:
ಮನೆಯವರೊಬ್ಬರ ಕೆಲಸ, ಒಂದು ಪುಟ.
ಎವುಲಾಲಿಯಾ ತ್ಸೋಕ್ ಒಂದೂವರೆ ತಂದಳು.
ಒಂದೇ ವಾಕ್ಯ.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಇಳಿಸಲು ಜಾಗ ಸಿಗಲಿಲ್ಲ.

ನನ್ನದೊಂದು ಹಳೆಯ ಸೂತ್ರವಿದೆ:
ಉಸಿರು ಎಲ್ಲಿ ತೆಗೆಯುತ್ತೀಯೋ ಅಲ್ಲಿ ಚುಕ್ಕೆ ಇಡು.
ಎದ್ದು ಓದು ಅಂದೆ. ಓದಿದಳು:

ಅಮ್ಮ ನಾಲ್ಕಕ್ಕೆ ಏಳುತ್ತಾಳೆ ಆಮೇಲೆ ಬೂಟು ಆಮೇಲೆ
ಉಕ್ಕಿನ ಕೈಗವಸು ಆಮೇಲೆ ಕ್‌ನೈಫ್ ಹಿಡಿಯುತ್ತಾಳೆ ಆಮೇಲೆ
ಕೊಕ್ಕೆಯಲ್ಲಿ ಒಂದು ಬರುತ್ತದೆ ಅವಳು ಕೊಯ್ಯುತ್ತಾಳೆ ಆಮೇಲೆ
ಇನ್ನೊಂದು ಬರುತ್ತದೆ ಆಮೇಲೆ ಕ್‌ನೈಫ್ ಮಸೆಯುತ್ತಾಳೆ ಆಮೇಲೆ
ಇನ್ನೊಂದು ಆಮೇಲೆ ಇನ್ನೊಂದು ಆಮೇಲೆ

ಪ್ರತಿ ಸಲವೂ ಆ ಕೆ ಕೇಳಿಸಿತು.
ಅಬ್ದಿವೆಲಿ ನಗಲಿಲ್ಲ. ನಾನು ತಿದ್ದಲಿಲ್ಲ.
ಅವಳು ಉಸಿರು ತೆಗೆದದ್ದನ್ನು ಯಾರೂ ನೋಡಲಿಲ್ಲ.

ಇಲ್ಲಿ ಎಲ್ಲಿಯೂ ವಿರಾಮವೇ ಇಲ್ಲವೇನಮ್ಮ? ಕೇಳಿದೆ.
ಇದೆ ಸಾರ್, ಒಂಬತ್ತೂವರೆಗೆ ಹತ್ತು ನಿಮಿಷ,
ಅದರಲ್ಲಿ ಕೈಗವಸು ಬಿಚ್ಚಿ ಹಾಕಲಿಕ್ಕೇ ನಾಲ್ಕು.
ಸರಿ, ಅಲ್ಲೊಂದು ಅಲ್ಪವಿರಾಮ.
ಇಟ್ಟಳು. ಜೋಳದ ಮೊಳಕೆಯಷ್ಟು ಬಾಲ.
ಪೂರ್ಣವಿರಾಮ?
ಪೆನ್ಸಿಲನ್ನು ಹಾಳೆಯ ಕೊನೆಗೆ ತಂದು ನಿಲ್ಲಿಸಿದಳು.
ಅದು ಗೊತ್ತಾಗುತ್ತಿಲ್ಲ ಸಾರ್.
ರಾತ್ರಿ ಮಲಗಿದ ಮೇಲೂ ಅವಳ ಬೆರಳು
ಏನನ್ನೋ ಹಿಡಿದ ಹಾಗೆ ಮಡಚಿಕೊಂಡೇ ಇರುತ್ತವೆ.

ಹಿಂದಿನ ಬೆಂಚಿನಿಂದ ಪಾ ಟೂ
ಮೊದಲ ಸಲ ಬಾಯಿ ಬಿಟ್ಟಳು:
ನಮ್ಮಪ್ಪನದೂ.

ರಾಜ್ಯದವರು ಕಳಿಸಿದ ಅಂಕದ ಪಟ್ಟಿಯಲ್ಲಿ
ವಾಕ್ಯರಚನೆಗೊಂದು ಚೌಕ, ಒಂದರಿಂದ ನಾಲ್ಕು.
ಸಂಜೆ ಕೋಲ್ಟನ್‌ನ ಹಾಳೆಯಲ್ಲಿ ಹನ್ನೊಂದು ತಪ್ಪು ತಿದ್ದಿ,
ಕಾಫಿ ಎರಡು ಸಲ ಬಿಸಿ ಮಾಡಿ,
ಅವಳ ಚೌಕದ ಮುಂದೆ ಕೂತೆ.
ಎಷ್ಟು ಕೊಟ್ಟೆನೆಂದು ಹೇಳುವುದಿಲ್ಲ.

ನಾಳೆ ಪೂರ್ಣವಿರಾಮ, ಮತ್ತೆ ಮೊದಲಿಂದ.
ಕನಿಕರಪಟ್ಟು ಅದನ್ನು ಕಲಿಸದೆ ಬಿಟ್ಟರೆ
ನಾನೂ ಅವಳಿಗೆ ಮೋಸ ಮಾಡಿದಂತೆ.
ಯಾವತ್ತೋ ಒಂದು ದಿನ ಅಮ್ಮನ ಪರವಾಗಿ
ಅವಳು ಯಾರಿಗೋ ಪತ್ರ ಬರೆಯಬೇಕಾಗುತ್ತದೆ,
ಆಗ ಸಾಕು ಎನ್ನುವುದಕ್ಕೆ
ಇದಕ್ಕಿಂತ ಚಿಕ್ಕ ಗುರುತು
ನನ್ನ ಇಂಗ್ಲಿಷಿನಲ್ಲಿ ಇಲ್ಲ.