ಹನ್ನೆರಡು ಲಕ್ಷ ತಾಸು

ಅಪಘಾತವಿಲ್ಲದೆ ಹನ್ನೆರಡು ಲಕ್ಷ ತಾಸು ದುಡಿದದ್ದಕ್ಕೆ
ಕಂಪನಿ ತಲೆಗೊಂದು ಗಡಿಯಾರ ಕೊಟ್ಟಿತು.
ಸ್ಟೀಲಿನ ಪಟ್ಟಿ, ನೀಲಿ ಮುಖ, ಬೆನ್ನಿಗೆ ಕಂಪನಿಯ ಹೆಸರು.
ಎಲ್ಲವೂ ಒಂದೇ ಅಳತೆ.
ಯಾವ ದೇಶದ ಮಣಿಕಟ್ಟು ನೋಡಿ ಮಾಡಿದರೋ,
ಕೈ ಎತ್ತಿದರೆ ಮೊಣಕೈತನಕ ಜಾರುತ್ತದೆ.

ಮನಾಮದ ಅಂಗಡಿಯವ ಒಂದಕ್ಕೆ ಒಂದು ದಿನಾರು ಕೇಳಿದ.
ಹಿದ್ದ್‌ನಿಂದ ಹೋಗಿಬರುವ ಬಸ್ಸು ಬೇರೆ.
"ಪತ್ತಾರ ಇದ್ದಾನಲ್ಲ" ಅಂದ ನೇಪಾಳದ ಖಿಮಾನಂದ.
ಅವನಿಗೆ ಗೊತ್ತಿದ್ದದ್ದು ಇಷ್ಟೇ, ನಮ್ಮಪ್ಪ ಬಂಗಾರದ ಕೆಲಸದವ.
ನಾನು ಹಡಗಿನ ಹೊಟ್ಟೆಗೆ ತಗಡು ಬೆಸೆಯುವವ ಎಂಬುದು
ಶುಕ್ರವಾರ ಲೆಕ್ಕಕ್ಕಿಲ್ಲ.

ಊಟವಾದ ಮೇಲೆ ಹಾಸಿಗೆ ಸುತ್ತಿಟ್ಟು
ಕೆಳಮಂಚದ ಮೇಲೆ ಬಿಳಿ ಟವೆಲ್ ಹಾಸಿದೆ.
ಸೈಕಲ್ ಕಡ್ಡಿಯ ತುಂಡೊಂದನ್ನು ಅರದಲ್ಲಿ ತೀಡಿ ಸೂಜಿ ಮಾಡಿದ್ದೆ.
ಸವೆದ ಹವಾಯಿ ಚಪ್ಪಲಿಯಲ್ಲಿ ಸೀಳು ಕೊರೆದು
ಪಟ್ಟಿಯನ್ನು ಅದರೊಳಗೆ ನಿಲ್ಲಿಸಿದೆ.

ಕೊಂಡಿಯ ಒಳಮೈಯಲ್ಲಿ ಇರುವೆಯಷ್ಟು ಬಾಣ.
ಅದು ತೋರಿದ ಕಡೆಗೆ ಹೊಡೆದರೆ ಮೊಳೆ ಹೊರಗೆ,
ಮರಳಿ ಹಾಕುವಾಗ ಬಾಣಕ್ಕೆ ಎದುರು.
ಈ ಕಡೆ ಒಂದು ತೆಗೆದರೆ ಆ ಕಡೆಯೂ ಒಂದು,
ಇಲ್ಲವಾದರೆ ಕೊಕ್ಕೆ ಮಗ್ಗುಲಿಗೆ ಹೊರಳಿ ಮಲಗುತ್ತದೆ.
ಕಿರುಬೆರಳು ತೂರುವಷ್ಟು ಸಡಿಲ ಬಿಡಬೇಕು.
ಒಳಗೆ ಏಸಿ ಇದೆ, ಹೊರಗೆ ಆಗಸ್ಟ್ ಇದೆ,
ಕೈ ಬಾವುತ್ತದೆ.

ಖಿಮಾನಂದನದು ಹುಡುಗನ ಕೈ, ನಾಲ್ಕು ಕೊಂಡಿ ಉದುರಿದವು.
ಸಿಲ್ಹೆಟ್‌ನ ಮೊಫಜ್ಜಲನದು ಎರಡು.
"ಎಣಿಸಿಕೊಳ್ಳಿ ಮಾರಾಯ್ರೆ,
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಟ್ಟವನಲ್ಲ"
ಅಂದ ಮೇಲ್ಮಂಚದಿಂದ ಗಂಗೊಳ್ಳಿಯ ಶೀನ ಖಾರ್ವಿ.
ಕನ್ನಡದ ನಗು, ಆ ಕೋಣೆಯಲ್ಲಿ ಇಬ್ಬರದೇ.

ವರ್ಷಕ್ಕೊಮ್ಮೆ ಜಾಲಗಾರರು ಬರುತ್ತಿದ್ದರು ಅಪ್ಪನ ಅಂಗಡಿಗೆ.
ಬೂದಿ, ಕಸ, ಚಾಪೆ ಕೊಡವಿದ ಧೂಳು
ರೊಕ್ಕ ಕೊಟ್ಟು ಒಯ್ದು, ತೊಳೆದು, ತೊಳೆದು,
ಗುಲಗಂಜಿ ತೂಕ ಬಂಗಾರ ತೆಗೆಯುತ್ತಿದ್ದರು.
ನಮ್ಮಲ್ಲಿ ಉದುರಿದ್ದು ಯಾವುದೂ ಕಸವಲ್ಲ.

ಬಾಗಿಲ ತುಂಬ ನಿಂತಿದ್ದ ಗುಲ್ ಜಮಾನ್, ಕ್ರೇನಿನವ, ಸ್ವಾತ್ ಕಣಿವೆಯವ.
"ನನಗೆ ತೆಗೆಯುವುದಲ್ಲ ಉಸ್ತಾದ್, ಹಾಕುವುದು."
ಅವನ ಕೈಗೆ ಕೊಕ್ಕೆ ಕೂಡುತ್ತಲೇ ಇರಲಿಲ್ಲ.
ಖಿಮಾನಂದನ ಎರಡು ಕೊಂಡಿ ಪೋಣಿಸಿದೆ.
ಟಕ್.
ಖಿಮಾನಂದ ಆ ದಪ್ಪ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ,
"ಇದರಲ್ಲಿ ನನ್ನವು ಯಾವುವು?"
ನನಗೂ ಗುರುತು ಹತ್ತಲಿಲ್ಲ.

ಕೊನೆಗೆ ಬಂದವನು ಸೀವಾನಿನ ರಾಮ್‌ಬೃಕ್ಷ.
ಎಡಗೈಯ ಪ್ಲಾಸ್ಟರು ಬಿಚ್ಚಿ ಹನ್ನೊಂದು ದಿನ.
ಜೂನಿನಲ್ಲಿ ಸರಪಳಿ ಜಾರಿ ಮಣಿಕಟ್ಟು ಮುರಿದಾಗ
ಮರುದಿನವೇ ಜೀಪಿನಲ್ಲಿ ತಂದು
ಆಫೀಸಿನ ಕುರ್ಚಿಯಲ್ಲಿ ಕೂರಿಸಿದ್ದರು.
ಹಾಜರಿ ಇದೆ, ಹಾಗಾಗಿ ಅಪಘಾತವಿಲ್ಲ.
ಆರು ವಾರ ಒಂದೇ ಕೈಯಲ್ಲಿ ಕಾಗದಕ್ಕೆ ಠಸ್ಸೆ ಒತ್ತಿದ.
ಆ ತಾಸುಗಳೂ ಸೇರಿಯೇ ಹನ್ನೆರಡು ಲಕ್ಷ.

ಬಲಗೈಗೆ ಎರಡು ತೆಗೆದರೆ ಸಾಕಿತ್ತು.
ಎಡಗೈಗೆ ಆರು.
"ಯಾವುದಕ್ಕೆ ಕಟ್ಟುತ್ತೀ?"
ಎರಡೂ ಕೈ ಟವೆಲಿನ ಮೇಲಿಟ್ಟು
ಯಾರದೋ ಸಾಮಾನೆಂಬಂತೆ ನೋಡಿದ.
"ಎಡಕ್ಕೇ. ಗಳಿಸಿದ್ದು ಅದೇ ಅಲ್ಲವೇ?"

ಕಡೆಯ ಮೊಳೆ ನನ್ನ ಚಿಮಟಿಗೆಯಿಂದ ಚಿಮ್ಮಿತು.
ಮೊಬೈಲು ಬೆಳಕು ಹಿಡಿದು ಆರು ಮಂದಿ ನೆಲದ ಮೇಲೆ ಮಂಡಿಯೂರಿದರು,
ಮಂಚದಡಿ, ಚೀಲದಡಿ, ಅಕ್ಕಿ ಡಬ್ಬದಡಿ.
ಸಿಕ್ಕಿದ್ದು ಗುಲ್ ಜಮಾನನ ಅಂಗಾಲಿಗೆ.
ಒಂದು ಹನಿ ರಕ್ತ.
"ಅಪಘಾತ! ಬರೆಸಿರಿ!" ಎಂದು ಯಾರೋ ಕೂಗಿದ್ದೇ ತಡ
ಕೋಣೆ ಬಿದ್ದು ಬಿದ್ದು ನಕ್ಕಿತು.
ರಾಮ್‌ಬೃಕ್ಷನೂ ನಕ್ಕ, ತುಸು ತಡವಾಗಿ.

ಉಳಿದ ಕೊಂಡಿಗಳನ್ನು ಬಾಮಿನ ಡಬ್ಬಿಯಲ್ಲಿ ಹಾಕಿಟ್ಟೆ.
ಅಕ್ಟೋಬರಿನ ಒಂದು ರಾತ್ರಿ ಬಾಗಿಲು ತಟ್ಟಿ
ಅವನು ತೋಳು ಮಡಚಿ ತೋರಿಸಿದ.
ಪಟ್ಟಿ ಒತ್ತಿ ಚರ್ಮದಲ್ಲಿ ಕೆಂಪು ಗೆರೆ,
ಕಿರುಬೆರಳಿಗೂ ಜಾಗವಿಲ್ಲ.
ಏನೂ ಮಾತಾಡಲಿಲ್ಲ ಇಬ್ಬರೂ.
ಡಬ್ಬಿ ತೆಗೆದು, ಒಂದು ಕೊಂಡಿ ಆರಿಸಿ,
ಬಾಣಕ್ಕೆ ಎದುರಾಗಿ
ಮೆಲ್ಲಗೆ ಹೊಡೆದೆ.