ಕೂದಲ ಗಾಳ

ದೋನ್ ಎವಾರಿಸ್ತೋ ಭಟ್ಟಿ ಹೊತ್ತಿಸುವುದು ಕೋಳಿ ಕೂಗುವ ಮೊದಲು.
ಪರಾಗ್ವೆಯ ಈ ಸೀಮೆಯಲ್ಲಿ ಕಹಿಕಿತ್ತಳೆಗೆ ಅಪೆಪು ಅನ್ನುತ್ತಾರೆ.
ಹಣ್ಣು ಯಾರಿಗೂ ಬೇಡ, ಬಿದ್ದಲ್ಲೇ ಕೊಳೆಯುತ್ತದೆ;
ಬೇಕಾದ್ದು ಎಲೆ, ಎಳೆಕಡ್ಡಿ.
ಹಂಡೆಯೊಳಗಿಳಿದು ಬರಿಗಾಲಲ್ಲಿ ತುಳಿತುಳಿದು ತುಂಬುತ್ತಾರೆ.
ಹಬೆ ಹಾಯುತ್ತದೆ. ಕೊಳವೆಯ ತುದಿಯಲ್ಲಿ
ನೀರಿನ ಮೇಲೆ ಬೆರಳಗಲ ಹಳದಿ.
ಆಸುನ್ಸಿಯೋನಿನ ನಮ್ಮ ಪ್ರಯೋಗಶಾಲೆಯಲ್ಲಿ ಅದಕ್ಕೆ
ಲಿನಲೈಲ್ ಅಸಿಟೇಟ್, ಲಿನಲೂಲ್ ಅಂತ ಹೆಸರು:
ಯಂತ್ರ ಬರೆದ ಎರಡು ಗುಡ್ಡ, ಉಳಿದದ್ದೆಲ್ಲ ಕಲ್ಲುಮುಳ್ಳು.

ನಾನು ಬಂದದ್ದು ಎಣ್ಣೆಗಲ್ಲ, ಮಣ್ಣಿಗೆ.

ಅವನ ಮೊಮ್ಮಗಳು ಸುನಿಲ್ದಾ, ಏಳು ವರ್ಷ,
ನೆತ್ತಿಯಲ್ಲಿ ಬಿಲ್ಲೆಯಗಲ ಬೋಳು, ಅಂಚು ಕೆಂಪು.
ಹುಳುಕಡ್ಡಿ. ಹುಳುವೂ ಇಲ್ಲ ಅದರಲ್ಲಿ, ಕಡ್ಡಿಯೂ ಇಲ್ಲ;
ದಾರದಂಥ ಒಂದು ಜೀವ, ಕೂದಲುಂಡು ಬದುಕುವಂಥದ್ದು.
ಅಜ್ಜಿ ಕತ್ತರಿ ಹಿಡಿದಳು. ಹುಡುಗಿ ಅಳಲಿಲ್ಲ,
ನನ್ನ ಚೀಲದ ಚಮಚಗಳನ್ನು ಎಣಿಸುತ್ತಿದ್ದಳು.
ಚೆನ್ನಾಗಿದ್ದ ಬದಿಯ ಕೂದಲು ಒಂದು ಚಿಟಿಕೆ ಕೇಳಿದೆ.
"ಮಾಟಕ್ಕಾ?" ಅಂದಳು ಅಜ್ಜಿ, ಗುವಾರಾನಿಯಲ್ಲಿ.
"ಗಾಳಕ್ಕೆ" ಅಂದೆ.

ಮಣ್ಣೊಳಗಿನದು ತಾನಾಗಿ ಕಾಣುವುದಿಲ್ಲ, ಕರೆಯಬೇಕು.
ಗಾಜಿನ ತಟ್ಟೆ, ಅಂಗಳದ ಕೆಮ್ಮಣ್ಣು, ಒಂದಿಷ್ಟು ನೀರು,
ಮೇಲೆ ಕುದಿಸಿ ಒಣಗಿಸಿದ ಕೂದಲ ತುಣುಕು.
ಹದಿನೆಂಟನೆಯ ದಿನ ಬಂತು,
ನಾಯಿ ಮಲಗುವ ಜಾಗದಿಂದ, ಕೋಳಿ ಕೆದಕುವ ಮೂಲೆಯಿಂದ,
ಶಾಲೆಯ ಜೋಕಾಲಿಯಡಿಯಿಂದ:
ಮೊದಲು ಕೆನೆಯಂಥ ಬೂಷ್ಟು, ಆಮೇಲೆ ದಾಲ್ಚಿನ್ನಿ ಬಣ್ಣ.
ಬೆಂದ ಎಲೆ ಸುರಿದ ಗುಡ್ಡೆಯ ಕೆಳಗಿನ ಮಣ್ಣಲ್ಲಿ ಮಾತ್ರ
ಕೂದಲು ಕೂದಲಾಗಿಯೇ ಇತ್ತು.
ಬಿಸಿಗೋ, ಎಣ್ಣೆಗೋ, ಗೊತ್ತಿಲ್ಲ.

ಕುಣಿದೆ ಅಂತ ಸುಳ್ಳು ಹೇಳಲಾರೆ; ತೆರೆರೆ ಒಂದು ಲೋಟ ಹೆಚ್ಚು ಕುಡಿದೆ.
ಎಣ್ಣೆ ಹನಿಸಿದ ತಟ್ಟೆಗಳೂ ಶುಭ್ರ, ಒಂದು ವಾರ, ಎರಡು.
ಐದನೆಯ ವಾರ ಮುಚ್ಚಳ ತೆಗೆದರೆ ಘಮವಿಲ್ಲ.
ಹಾರಿಹೋಗುವ ಜಾತಿ ಅದು, ಘಮವೇ ಅದರ ಕಾಲು.
ಮಣ್ಣು ಹೀರಿದ್ದೆಷ್ಟು, ಗಾಳಿ ಒಯ್ದದ್ದೆಷ್ಟು, ಲೆಕ್ಕ ಕೂಡಲಿಲ್ಲ.
ಆರನೆಯ ವಾರ, ಒಂದೇ ಒಂದು ಕೂದಲಿನ ನಡುವೆ
ಬಿಳಿ ಚುಕ್ಕೆ.
ದಪ್ಪ ಗೋಡೆ ಕಟ್ಟಿಕೊಂಡು ಉಸಿರು ಹಿಡಿದು ಕೂತಿತ್ತು ಇಷ್ಟು ದಿನ.

ವರದಿಯಲ್ಲಿ "ಉಳಿವು: ಅಲ್ಪ" ಎಂದು ಬರೆದು
ಆ ಪದವನ್ನೇ ಬಹಳ ಹೊತ್ತು ನೋಡಿದೆ.

ಮತ್ತೆ ಹೋದಾಗ ಸುನಿಲ್ದಾಳ ನೆತ್ತಿಯಲ್ಲಿ ಗರಿಕೆಯಷ್ಟು ಕೂದಲು.
"ನನ್ನ ಗಾಳಕ್ಕೆ ಏನಾದರೂ ಬಿತ್ತಾ?"
ಬಿತ್ತು.
"ದೊಡ್ಡದಾ?"
ಹೆಬ್ಬೆರಳಿಗೆ ತೋರುಬೆರಳು ಒತ್ತಿ ತೋರಿಸಿದೆ,
ನಡುವೆ ಜಾಗವೇ ಇಲ್ಲದಂತೆ.
ಅವಳು ನಕ್ಕು ಓಡಿದಳು, ಬರಿಗಾಲಲ್ಲಿ,
ಕೋಳಿ ಕೆದಕುವ ಮೂಲೆಗೆ.