ಗಜಕ್ಕೆ ಮೂರು ನೂಲು

ಮೊಹಿದ್ದೀನನ ಗುಜರಿಯಲ್ಲಿ ಸಿಕ್ಕಿದ್ದು,
ಬೋರ್‌ವೆಲ್ ಪೈಪುಗಳ ಅಡಿಯಲ್ಲಿ, ಬಾಯಿ ಮಣ್ಣಿಗಿಟ್ಟು.
ಕಿಲೋ ಲೆಕ್ಕದಲ್ಲೇ ತೂಗಿದ.
"ಮುಚ್ಚಳ ಕಂಚು, ಅದರ ರೇಟೇ ಬೇರೆ.
ಹೋಗ್ಲಿ ಬಿಡಿ, ಬೋಣಿಗೆ."

ಕಬ್ಬಿಣದ ಟೀ ಕೆಟಲು. ಮೈತುಂಬ ಹಲಸಿನ ಮುಳ್ಳು,
ಸಿಟ್ಟಾದ ಬಾತಿನಂಥ ಮೂತಿ,
ತಳದಲ್ಲಿ ನಾಲ್ಕು ಅಕ್ಷರ.
ಅಕ್ಷರವೋ, ನಾಲ್ಕು ಪುಟ್ಟ ಮನೆಗಳ ನಕ್ಷೆಯೋ.

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ
ಹತ್ತೊಂಬತ್ತು ವರ್ಷದಿಂದ ಸ್ಟೌ, ಕುಕ್ಕರು ರಿಪೇರಿ ಮಾಡುವವನು ನಾನು.
ಏನೇ ತಂದುಕೊಟ್ಟರೂ ಮೊದಲ ಮಾತು, "ಯಾವ ಕಂಪನಿ?"
ಇದನ್ನೂ ಕೇಳಿದೆ.
ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ಅಕ್ಕನ ಮಗ ಮೊಬೈಲಲ್ಲಿ ಫೋಟೋ ಹಿಡಿದ.
ಒಮ್ಮೆ ಚೀನಾ ಅಂದಿತು, ಒಮ್ಮೆ ಜಪಾನು,
ಮೂರನೇ ಸಲ, ಹಲಸಿನಕಾಯಿ.

ಚಳಿಗಾಲಕ್ಕೆ ಸ್ವೆಟರ್ ಮಾರಲು ಬಂದಿದ್ದ ಡೋಲ್ಕರ್ ಅಮ್ಮ
ತಳ ತಿರುಗಿಸಿ ನೋಡಿ ನಕ್ಕುಬಿಟ್ಟರು:
"ನನ್ನ ಮೂಗು ನೋಡಿ ತಂದೆಯಾ?
ಇದು ನಮ್ಮ ಲಿಪಿ ಅಲ್ಲಪ್ಪ.
ನಿಂಗೆ ಬಂಗಾಳಿ ಓದೋಕೆ ಬರುತ್ತಾ?"
ನಾಚಿಕೆಗೆ ಒಂದು ಮಂಕಿ ಟೋಪಿ ಕೊಂಡೆ.
ಅದೂ ಎಲ್ಲಿಯದೋ, ಕೇಳಲಿಲ್ಲ.

ಕೊನೆಗೆ ಭದ್ರಾವತಿಯ ಬಸ್ಸು. ಮಡಿಲಲ್ಲಿ ಕೆಟಲು.
ಪಕ್ಕದ ಹೆಂಗಸು ಬಗ್ಗಿ ನೋಡಿ "ದೇವರಾ?" ಅಂದಳು.

ಫೌಂಡ್ರಿಯಲ್ಲಿ ಮೋಲ್ಡರ್ ಆಗಿದ್ದ ಆರೋಗ್ಯಸ್ವಾಮಿ
ಅಕ್ಷರದ ಕಡೆ ತಿರುಗಿಯೂ ನೋಡಲಿಲ್ಲ.
ಕಣ್ಣು ಮುಚ್ಚಿ, ಉಗುರಿನಲ್ಲಿ ಅದರ ಹೊಟ್ಟೆ ಸುತ್ತ ಹುಡುಕಿದರು
ಎರಡು ಪೆಟ್ಟಿಗೆ ಕೂಡಿದ ಕಡೆ ಉಳಿಯುವ
ಕೂದಲಷ್ಟು ಏಣು.
ಸಿಕ್ಕಿತು. ಕಣ್ಣು ತೆರೆದರು.

"ನಿಜವಾದದ್ದು ಇನ್ನೆಲ್ಲೋ ಇದೆ.
ಅದನ್ನ ಮರಳಲ್ಲಿ ಒತ್ತಿ ಎರಕ ಹೊಯ್ದಿದ್ದಾರೆ.
ಮುಳ್ಳು ಮೊಂಡಾಗಿದೆ ನೋಡಿ, ಅಕ್ಷರಕ್ಕೆ ಇನ್ನೂ ನಿದ್ದೆಗಣ್ಣು.
ಕಬ್ಬಿಣ ಆರುವಾಗ ಕುಗ್ಗುತ್ತೆ,
ಗಜಕ್ಕೆ ಮೂರು ನೂಲು.
ಅಚ್ಚು ಕೊಟ್ಟದ್ದಕ್ಕಿಂತ ಅಚ್ಚಿಂದ ಎದ್ದದ್ದು ಯಾವತ್ತೂ ಸಣ್ಣದು.
ಅದಕ್ಕೇ ಮುಚ್ಚಳದ ಅಂಚಿಗೆ ಅರ ಹಾಕಿ ಕೂರಿಸಿದ್ದಾರೆ.
ಮುಚ್ಚಳ ಅಲ್ಲಿಯದು. ಒಡಲು..."
ಮಾತು ನಿಲ್ಲಿಸಿ, ಅಂಗಳದ ಮಣ್ಣನ್ನು
ಹೆಬ್ಬೆರಳಿನಿಂದ ಸ್ವಲ್ಪ ಕೆದಕಿದರು.

"ಅಂದ್ರೆ ಡೂಪ್ಲಿಕೇಟಾ?"
ಯಾಕೆ ಹಾಗೆ ಕೇಳಿದೆನೋ.

ಅವರು ನನ್ನ ಬೆರಳು ಹಿಡಿದು ಕೆಟಲಿನೊಳಗೆ ಇಳಿಸಿದರು.
ಮೂತಿಯ ಬುಡದಲ್ಲಿ, ಕತ್ತಲೆಯಲ್ಲಿ, ಒಂದು ಉಬ್ಬು,
ಹುಣಸೆಬೀಜದಷ್ಟು, ನುಣ್ಣಗೆ.
"ಒಳಗಿನ ಮರಳಿನ ಗುಂಡು ಅಲ್ಲಿ ಬಿರಿದಿದೆ.
ಹಸಿ ಮರಳು ಮೆತ್ತಿ ಹೆಬ್ಬೆಟ್ಟು ಒತ್ತಿದ್ದಾರೆ.
ಮರಳಲ್ಲಿ ತಗ್ಗು. ಕಬ್ಬಿಣದಲ್ಲಿ ಉಬ್ಬು."

ತಳದಲ್ಲಿ, ನಾವ್ಯಾರೂ ಓದಲಾರದ ಹೆಸರು.
ಒಳಗೆ, ಅದನ್ನು ಓದಲಾರದವನೊಬ್ಬನ ರುಜು.

"ನಿಮ್ಮದೇನಾ?"
"ನಂದು ಇನ್ನೂ ದಪ್ಪ" ಎಂದು ಬೆರಳು ಚಾಚಿದರು.
ಕೆಂಡ ಮರಳು ಮುಟ್ಟಿ ಮುಟ್ಟಿ
ಗೆರೆಗಳೆಲ್ಲ ಅಳಿದು ಬೋಳಾದ ಹೆಬ್ಬೆಟ್ಟು.
"ರೇಷನ್ ಅಂಗಡಿ ಮಿಷನ್ನು ಎಷ್ಟು ಸಲ ಒತ್ತಿದರೂ
ನಾನು ಯಾರು ಅಂತ ಹೇಳಲ್ಲ."

ಅವರ ಸೊಸೆ ಅದರಲ್ಲೇ ಟೀ ಕುದಿಸಿದಳು.
ತುಕ್ಕಿನ ವಾಸನೆ, ಶಾಯಿಯ ಬಣ್ಣ. ಆದರೂ ಕುಡಿದೆವು.
ಇನ್ನೊಂದು ಲೋಟ ನೀರು ಸೇರಿಸೋಣವೆಂದರೆ
ಮುಚ್ಚಳ ಏಳಲೊಲ್ಲದು.
ಬಿಸಿಗೆ ಕಂಚು ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದಂತೆ;
ಪರದೇಶದ್ದು ಊರಿನದನ್ನು ಬಿಗಿಯಾಗಿ ಕಚ್ಚಿ ಹಿಡಿದಿತ್ತು.

"ಎಳೀಬೇಡಿ. ಆರಲಿ" ಎಂದರು ಆರೋಗ್ಯಸ್ವಾಮಿ.
ಜಗುಲಿಯ ಮೇಲೆ ಕೂತೆವು, ನಡುವೆ ಅದನ್ನಿಟ್ಟುಕೊಂಡು.
ಏಳೂಕಾಲಿನ ಶಿವಮೊಗ್ಗ ಬಸ್ಸು
ಹಾರನ್ ಹೊಡೆದು ಹೋಯಿತು.